ಗೋಡೆಗೆ ಮುಖ ಮಾಡಿದ ಅಕ್ಷರ

ಕಲ್ಲಿನ ಧೂಳು ಒಮ್ಮೆ ಶ್ವಾಸಕೋಶದೊಳಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಕೆಮ್ಮಿದರೂ ಇಲ್ಲ, ಔಷಧ ಕುಡಿದರೂ ಇಲ್ಲ, ಕೆಲಸ ಬಿಟ್ಟು ಹತ್ತು ವರ್ಷ ಮನೆಯಲ್ಲಿ ಕೂತರೂ ಇಲ್ಲ. ಒಳಗೆ ಕೂತು ಅದು ಶ್ವಾಸಕೋಶವನ್ನೇ ನಿಧಾನವಾಗಿ ಕಲ್ಲು ಮಾಡುತ್ತದೆ. ಇದೇನು ಗುಟ್ಟಲ್ಲ. ಕಲ್ಲು ಒಡೆಸುವವರಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ಕಾನೂನು ಬರೆದವರಿಗೆ ಗೊತ್ತು. ಗೊತ್ತಿಲ್ಲದೆ ಹೋದದ್ದು ಒಡೆಯುವವರಿಗೆ ಮಾತ್ರ. ನಿಮಗೂ ಗೊತ್ತಿರಬೇಕಿತ್ತು. ನಿಮ್ಮ ಮನೆಯ ನೆಲಕ್ಕೆ ಹಾಸಿದ ಚಪ್ಪಡಿ ತಾನಾಗಿಯೇ ಅಷ್ಟು ತೆಳ್ಳಗೆ ಸೀಳಿಕೊಂಡು ಬರಲಿಲ್ಲ.

ಅಂಥ ಚಪ್ಪಡಿಗಳನ್ನು ಇಪ್ಪತ್ತಮೂರು ವರ್ಷ ಸೀಳಿದವನೊಬ್ಬನಿದ್ದ. ಕ್ವಾರಿಯಲ್ಲಿ ಎಲ್ಲರೂ ಅವನನ್ನು ಚಿಪ್ಪಣ್ಣ ಎಂದೇ ಕರೆಯುತ್ತಿದ್ದರು. ಕಲ್ಲಿನೊಳಗೆ ಸಿಗುವ ಚಿಪ್ಪು, ಎಲೆ, ತೊಗಟೆಗಳ ಗುರುತುಗಳನ್ನು ಆರಿಸಿ ಮನೆಗೆ ಹೊತ್ತುಕೊಂಡು ಹೋಗುವ ಹುಚ್ಚು ಅವನಿಗಿತ್ತು.

ಸೀಳುವ ಕೆಲಸವನ್ನು ನೋಡದವರು ಅದು ಬರೀ ತೋಳ್ಬಲದ್ದು ಎಂದುಕೊಳ್ಳುತ್ತಾರೆ. ಆ ಬಂಡೆ ಹಳೆಯ ಪುಸ್ತಕದ ಹಾಗೆ ಪದರ ಪದರವಾಗಿರುತ್ತದೆ. ಪದರದ ಗೆರೆಗೆ ಉಳಿ ಇಟ್ಟು, ಸುತ್ತಲೂ ಸಣ್ಣಗೆ ತಟ್ಟುತ್ತ ಬಂದು, ಬೆಣೆ ಇಳಿಸಿ, ಕಿವಿಗೊಡಬೇಕು. ಕಲ್ಲಿನ ದನಿ ಬದಲಾದ ಕ್ಷಣದಲ್ಲಿ ಒಂದೇ ಪೆಟ್ಟು. ಚಪ್ಪಡಿ ನಿಟ್ಟುಸಿರು ಬಿಟ್ಟ ಹಾಗೆ ತೆರೆದುಕೊಳ್ಳುತ್ತದೆ, ಮುಖದ ತುಂಬ ಬಿಳಿ ಧೂಳು ಹಾರುತ್ತದೆ.

ಎರಡನೆಯ ವರ್ಷದಲ್ಲಿ ಒಂದು ಚಪ್ಪಡಿ ಹಾಗೆ ತೆರೆದುಕೊಂಡಾಗ ಒಳಗೆ ಬಾಚಣಿಗೆಯಂಥ ಎಲೆಯೊಂದು ಮಲಗಿತ್ತು. ಕಪ್ಪಗೆ, ಒಂದೊಂದು ನರವನ್ನೂ ಎಣಿಸಬಹುದಾದ ಹಾಗೆ. ಮೇಲಿನ ಹೋಳಿನಲ್ಲಿ ಒಂದು, ಕೆಳಗಿನ ಹೋಳಿನಲ್ಲಿ ಅದರ ಪಡಿಯಚ್ಚು. ಅವನು ಬಗ್ಗಿ, ಬಾಯಿ ಹತ್ತಿರ ತಂದು, ಧೂಳನ್ನು ಉಫ್ ಎಂದು ಊದಿ ನೋಡಿದ. ಮತ್ತೆ ಉಸಿರೆಳೆದುಕೊಂಡು ಮತ್ತೆ ಊದಿದ. ಎಲೆ ನೋಡಬೇಕಾದರೆ ಊದಲೇಬೇಕು. ಊದಬೇಕಾದರೆ ಮೊದಲು ಉಸಿರೆಳೆಯಬೇಕು.

"ಏನಯ್ಯಾ, ಕಲ್ಲಿಗೆ ಮುತ್ತು ಕೊಡ್ತಿದೀಯಾ?" ಎಂದು ಮೇಸ್ತ್ರಿ ಕೂಗಿದ. "ಕಲೆ ಬಿದ್ದ ಕಲ್ಲು ಯಾರು ಕೊಳ್ತಾರೆ? ಎಸಿ ಅತ್ಲಾಗೆ."

ಎಲೆ ಮೂಡಿದ ಕಲ್ಲು ಕ್ವಾರಿಯ ಲೆಕ್ಕದಲ್ಲಿ ಕಲೆ ಬಿದ್ದ ಕಲ್ಲು. ಅದು ಕಸದ ರಾಶಿಗೆ ಹೋಗಬೇಕು. ಸಂಜೆ ಅವನು ರಾಶಿ ಕೆದಕಿ ಅದನ್ನು ಎತ್ತಿಕೊಂಡು ಹೋದ. ಹೆಂಡತಿ ಬಾಗಿಲಲ್ಲೇ ತಡೆದಳು.

"ಇರೋದು ಒಂದೂವರೆ ಕೋಣೆ. ಅದರಲ್ಲಿ ನಿಮಗೆ ಕಲ್ಲು ಬೇರೆ ಬೇಕಾ? ಇಡೀ ದಿನ ಕಲ್ಲಿನ ಜೊತೆ ಸಂಸಾರ ಮಾಡಿದ್ದು ಸಾಲ್ದೇ?"

"ಇದು ಕಲ್ಲಲ್ಲ ಕಣೇ, ಎಲೆ."

"ಹಾಗಾದ್ರೆ ಸಾರಿಗೆ ಹಾಕ್ಲಾ?"

ಎಲೆ ಮಂಚದ ಕೆಳಗೆ ಸೇರಿತು. ಅದರ ಹಿಂದೆ ಇನ್ನಷ್ಟು ಸೇರಿದವು.

ಮಗಳು ಐದನೆಯ ತರಗತಿಯಲ್ಲಿದ್ದಾಗ ಮಂಚದ ಕೆಳಗಿನ ಒಂದು ಕಲ್ಲನ್ನು ಶಾಲೆಗೆ ಒಯ್ದಳು. ಮರುದಿನವೇ ವಿಜ್ಞಾನದ ಮೇಡಂ ಮನೆಗೆ ಬಂದರು. ಮಂಚದ ಕೆಳಗೆ ಮಂಡಿಯೂರಿ, ಒಂದೊಂದನ್ನೂ ಎತ್ತಿ ನೋಡಿ, "ಇದು ಯಾವ ಜಾಗದ್ದು? ಇದು ಯಾವಾಗ ಸಿಕ್ಕಿದ್ದು?" ಎಂದು ಕೇಳುತ್ತ ಹೋದರು. ಅವನು ತಲೆ ಕೆರೆದುಕೊಂಡ.

"ನೋಡಿ, ಎಲ್ಲಿ ಸಿಕ್ತು, ಎಷ್ಟು ಆಳದಲ್ಲಿ ಸಿಕ್ತು ಅಂತ ಗೊತ್ತಿಲ್ಲದಿದ್ರೆ ಇದು ಬರೀ ಕಲ್ಲು," ಎಂದರು ಮೇಡಂ. "ಗೊತ್ತಿದ್ರೆ ಸಾಕ್ಷಿ. ನಿಮ್ಮ ಕ್ವಾರಿ ಮೊದಲು ಸಮುದ್ರ ಆಗಿತ್ತು. ಆಮೇಲೆ ನೀರು ಹಿಂದಕ್ಕೆ ಹೋಗಿ ಕಾಡು ಬಂತು. ಅದನ್ನ ಹೇಳೋಕೆ ಈಗ ಈ ಕಲ್ಲುಗಳನ್ನ ಬಿಟ್ರೆ ಬೇರೆ ಯಾರೂ ಉಳಿದಿಲ್ಲ."

ಅವನಿಗೆ ಮಾತು ನಾಟಿತು. ಕ್ವಾರಿಯನ್ನು ಅಗೆದ ಕೆಳಗಿನ ಮೆಟ್ಟಿಲುಗಳಲ್ಲಿ ಬರೀ ಚಿಪ್ಪು, ಮೇಲಿನವುಗಳಲ್ಲಿ ಬರೀ ಎಲೆ ಯಾಕೆ ಸಿಗುತ್ತವೆ ಎಂದು ಅವನು ವರ್ಷಗಟ್ಟಲೆ ತನ್ನಲ್ಲೇ ಕೇಳಿಕೊಂಡಿದ್ದ. ಆ ವಾರವೇ ಜಾಗ ಗೊತ್ತಿಲ್ಲದ ಕಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಕಸದ ರಾಶಿಗೆ ಸುರಿದ. ಮೊದಮೊದಲು ಸಿಕ್ಕಿದ್ದ ಒಂದು ಬಸವನಹುಳುವಿನಂಥ ಚಿಪ್ಪನ್ನು ಮಾತ್ರ ಬಿಸಾಡಲು ಮನಸ್ಸು ಬರಲಿಲ್ಲ. ಅದು ಲಾರಿ ನಿಲ್ಲುವ ಅಂಗಳದಲ್ಲಿ ಸಿಕ್ಕಿದ್ದು, ಅಲ್ಲಿಗೆ ಮೂರು ಕ್ವಾರಿಗಳ ಕಲ್ಲು ಬರುತ್ತಿತ್ತು.

ಅಂದಿನಿಂದ ಹೊಸ ಪದ್ಧತಿ. ಪುಸ್ತಕದಲ್ಲಿ ಬರೆದಿಡಿ ಎಂದಿದ್ದರು ಮೇಡಂ. ಅವನು ಓದಿದ್ದು ನಾಲ್ಕನೆಯ ತರಗತಿ. ಪುಸ್ತಕ ಕಳೆದುಹೋಗುತ್ತದೆ, ಕಲ್ಲು ಕಳೆದುಹೋಗುವುದಿಲ್ಲ ಎಂಬುದು ಅವನ ವಾದ. ಪ್ರತಿ ಕಲ್ಲಿನ ಬೆನ್ನಿಗೆ ಬೆಂಕಿಪೆಟ್ಟಿಗೆಯಷ್ಟಗಲ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಕಪ್ಪು ಬಣ್ಣದಲ್ಲಿ ಸಣ್ಣ ಕುಂಚದಿಂದ ಬರೆಯುತ್ತಿದ್ದ: ತಾರೀಕು, ಎಷ್ಟನೆಯ ಮೆಟ್ಟಿಲು, ಮೇಲಿಂದ ಎಷ್ಟು ಮೊಳ. ಕೊನೆಗೆ ಹೆಸರು. ಯಾರು ಕಂಡದ್ದು ಎಂದು ಬರೆಯಲು ಮೇಡಂ ಹೇಳಿದ್ದರು. ಅವನು ಯೋಚಿಸಿದ. ಒಬ್ಬ ಉಳಿ ಹಿಡಿಯುತ್ತಾನೆ, ಒಬ್ಬ ಬೆಣೆ ಬಡಿಯುತ್ತಾನೆ, ಇಬ್ಬರು ಎತ್ತುತ್ತಾರೆ, ಆಮೇಲೆ ನಾನು ಊದುತ್ತೇನೆ. ಕಂಡದ್ದು ಯಾರು? ಅದಕ್ಕೇ ಆ ದಿನ ಆ ಕಲ್ಲಿಗೆ ಕೈ ಹಚ್ಚಿದ ಎಲ್ಲರ ಹೆಸರನ್ನೂ ಬರೆದ.

ಇದನ್ನು ನೆನಪಿಟ್ಟುಕೊಳ್ಳಿ. ಏಕೆಂದರೆ ಆ ಕ್ವಾರಿಯಲ್ಲಿ ಅವರ ಹೆಸರು ಬೇರೆಲ್ಲೂ ಇರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು, ಸಂಜೆ ವಾಪಸ್ ತೆಗೆದುಕೊಳ್ಳುತ್ತಿದ್ದರು. ಇವತ್ತು ನೀನು ಹದಿನೇಳು, ನಾಳೆ ನಲವತ್ತು. ತಪಾಸಣೆಗೆ ಯಾರಾದರೂ ಬರುವ ದಿನ ಬಿಲ್ಲೆಯ ಜೊತೆಗೆ ಮೂಗಿಗೆ ಕಟ್ಟುವ ಮಾಸ್ಕೂ ಸಿಗುತ್ತಿತ್ತು. ಸಂಜೆ ಅದನ್ನೂ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದರು.

ಹನ್ನೆರಡು ವರ್ಷಗಳ ಹಿಂದೆ ಕಂಪನಿಯ ಹೆಸರು ಕೆಟ್ಟಿತು. ಕ್ವಾರಿಯ ಸಿಡಿಮದ್ದಿನ ಸಿಡಿತಕ್ಕೆ ಊರಿನ ಒಂದು ಮನೆಯ ಗೋಡೆ ಬಿದ್ದು, ಪತ್ರಿಕೆಗಳಲ್ಲಿ ಬಂತು. ಹೆಸರು ತೊಳೆದುಕೊಳ್ಳಲು ಏನಾದರೂ ಬೇಕಿತ್ತು. ಯಾರೋ ಮ್ಯಾನೇಜರ ಕಿವಿಗೆ ಚಿಪ್ಪಣ್ಣನ ಮಂಚದ ವಿಷಯ ಹಾಕಿದರು. ಮ್ಯಾನೇಜರು ಸ್ವತಃ ಮನೆಗೆ ಬಂದು, ಆ ಒಂದೂವರೆ ಕೋಣೆಯಲ್ಲಿ ಕೂತು ಚಹಾ ಕುಡಿದರು.

"ಚಿಪ್ಪಣ್ಣಾ, ನಿನ್ನ ಕಲ್ಲೆಲ್ಲ ಮ್ಯೂಸಿಯಂಗೆ ಕಣಯ್ಯಾ! ಒಂದಿಡೀ ಗೋಡೆ. ದೇಶದೇಶದಿಂದ ಜನ ಬಂದು ನೋಡ್ತಾರೆ."

ಇನ್ನೂರ ಹನ್ನೆರಡು ಕಲ್ಲು. ಜಾಗ ಗೊತ್ತಿಲ್ಲದ ಆ ಚಿಪ್ಪೊಂದನ್ನು ಬಿಟ್ಟು ಎಲ್ಲವನ್ನೂ ಅವನು ಕೊಟ್ಟುಬಿಟ್ಟ. ರಸೀತಿ ಕೇಳಲಿಲ್ಲ. "ಪುಣ್ಯ ಬಂತು, ಮಂಚದ ಕೆಳಗೆ ಪೊರಕೆ ಆಡೋ ಹಾಗಾಯ್ತು," ಎಂದಳು ಹೆಂಡತಿ. ಆದರೆ ಲಾರಿ ಹೋದ ಮೇಲೆ ಅವಳೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಗೋಡೆಗೆ ಕಲ್ಲು ಕೂರಿಸುವ ಕೆಲಸವನ್ನೂ ಅವನಿಗೇ ಕೊಟ್ಟರು. ಜೊತೆಗೆ ಅವನ ಷಡ್ಡಕ, ಅಂದರೆ ನಾದಿನಿಯ ಗಂಡ. ಅವನೂ ಅದೇ ಕ್ವಾರಿಯವನು. ಕಬ್ಬಿಣದ ಕೊಂಡಿ ಹಾಕಿ ನಿಲ್ಲಿಸಿದರೆ ಸಾಕು, ಬೇಕೆಂದಾಗ ತೆಗೆಯಬಹುದು ಎಂದರು ಮ್ಯೂಸಿಯಂನವರು. ಚಿಪ್ಪಣ್ಣನಿಗೆ ಅವಮಾನವಾಯಿತು.

"ಕೊಂಡಿಯಾ ಸಾರ್? ಬಟ್ಟೆ ಒಣಗಿ ಹಾಕ್ತಿದೀವಾ? ನಾನು ಕೂರಿಸಿದ ಕಲ್ಲು ಭೂಮಿ ನಡುಗಿದ್ರೂ ಅಲ್ಲಾಡಬಾರದು."

ಹದಿನಾರು ದಿನ ಇಬ್ಬರೂ ದುಡಿದರು. ಗಟ್ಟಿ ಸಿಮೆಂಟು ಕಲಸಿ, ಬೆನ್ನಿಗೆ ಮೂಲೆಮೂಲೆಗೂ ಗಾರೆ ತುಂಬಿ, ಒಂದೊಂದನ್ನೂ ಗೋಡೆಯ ಮೈಯೇ ಆಗುವ ಹಾಗೆ ಒತ್ತಿದರು. ಎಲೆ, ಚಿಪ್ಪುಗಳ ಮುಖ ಜನರ ಕಡೆಗೆ. ಅಕ್ಷರದ ಮುಖ ಗೋಡೆಯ ಕಡೆಗೆ.

"ಲೋ ಚಿಪ್ಪಣ್ಣ," ಎಂದ ಗಾರೆ ಕಲಸುತ್ತಿದ್ದ ಷಡ್ಡಕ, "ಅಷ್ಟು ಚೆಂದ ಬರೆದಿದೀಯ. ಇನ್ಮೇಲೆ ಅದನ್ನ ಓದೋರು ಯಾರು?"

"ಕಲ್ಲಿಗೆ ಗೊತ್ತಿರುತ್ತೆ ಬಿಡೋ. ಗಾರೆ ತಾ."

ಕೊನೆಯ ದಿನ ಕೊನೆಯ ಕಲ್ಲಿಗೆ ಬರುವಾಗ ಸಿಮೆಂಟು ಮುಗಿಯಿತು. ಮರುದಿನ ಉದ್ಘಾಟನೆ. ಕೆಳಗಿನ ಸಾಲು, ಎಡಗಡೆಯ ಮೂಲೆ, ಮೇಡಂ ಬಂದುಹೋದ ಮೇಲೆ ಸಿಕ್ಕ ಇನ್ನೊಂದು ಬಾಚಣಿಗೆಯಂಥ ಎಲೆ. ಷಡ್ಡಕ ಚಹಾಕ್ಕೆ ಹೋಗಿದ್ದಾಗ ಚಿಪ್ಪಣ್ಣ ಹೊರಗಿನ ಗಿಡದ ಬುಡದಿಂದ ಮಣ್ಣು ತಂದು ಕಲಸಿ, ಆ ಕಲ್ಲನ್ನು ಬರೀ ಮಣ್ಣಿನಲ್ಲಿ ಕೂರಿಸಿ, ಅಂಚಿಗೆ ಮಾತ್ರ ಉಳಿದಿದ್ದ ಸಿಮೆಂಟಿನ ತಿಳಿ ಸವರಿ ಮುಚ್ಚಿದ. ಸೋಮವಾರ ಬಂದು ಸರಿ ಮಾಡುತ್ತೇನೆ ಎಂದುಕೊಂಡ. ಸೋಮವಾರ ಅವನನ್ನು ಒಳಗೆ ಬಿಡಲಿಲ್ಲ, ಟಿಕೆಟ್ ಕೇಳಿದರು. ಆ ಕಳ್ಳಕೆಲಸವನ್ನು ಅವನು ಯಾರಿಗೂ ಹೇಳಲಿಲ್ಲ. ಅವನಂಥ ಕೆಲಸಗಾರನಿಗೆ ಅದು ಬೇರೆಯವರ ಜೇಬಿಗೆ ಕೈ ಹಾಕಿದ ಹಾಗೆ.

ಗೋಡೆಯ ಮೇಲೆ ಹಿತ್ತಾಳೆಯ ಫಲಕ ಬಂತು. ನಮ್ಮ ಕ್ವಾರಿಯ ಕಲ್ಲುಗಳು, ಕಂಪನಿಯ ಕೊಡುಗೆ ಎಂದು ಅದರಲ್ಲಿತ್ತು. ಆಮೇಲೆ ಒಂದು ಚಿಪ್ಪೂ ಕ್ವಾರಿಯಿಂದ ಮನೆಗೆ ಹೋಗದ ಹಾಗೆ ಗೇಟಿನಲ್ಲೇ ತಡೆಯತೊಡಗಿದರು. ಉದ್ಘಾಟನೆಯ ಫೋಟೊದಲ್ಲಿ ಎಡಗಡೆಯ ಅಂಚಿಗೆ ಒಂದು ಮೊಣಕೈ ಕಾಣುತ್ತದೆ. ಅದು ಅವನದು.

ಎರಡು ವರ್ಷದ ಹಿಂದೆ ಅವನಿಗೆ ಉಸಿರು ಸಾಲದಾಯಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಅಂಗಿ ಹಾಕಿಕೊಳ್ಳುವಾಗ, ಆಮೇಲೆ ಮಾತನಾಡುವಾಗ. ವಯಸ್ಸು ನಲವತ್ತೊಂಬತ್ತು. ಕಾರ್ಮಿಕರ ಆಸ್ಪತ್ರೆಯಲ್ಲಿ ಧೂಳಿನ ರೋಗಕ್ಕೇ ಒಂದು ವಾರ್ಡಿದೆ. ಅಲ್ಲಿ ಸೇರಿಸಿಕೊಂಡವರಿಗೆ ಮನೆಗೂ ಆಮ್ಲಜನಕದ ಯಂತ್ರ ಕೊಡುತ್ತಾರೆ. ಆ ಯಂತ್ರವಿದ್ದವರು ಕೆಲವು ವರ್ಷ ಬದುಕುತ್ತಾರೆ. ಇಲ್ಲದವರು ತಿಂಗಳು ಎಣಿಸುತ್ತಾರೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ನನಗೆ ನೋಡಿದ್ರೇ ಗೊತ್ತಾಗುತ್ತೆ. ಇದು ಕಲ್ಲು ಒಡೆಯೋರ ಎದೆ. ಆದ್ರೆ ಎಲ್ಲಿ ಒಡೆದ್ರಿ, ಎಷ್ಟು ವರ್ಷ ಒಡೆದ್ರಿ ಅನ್ನೋದಕ್ಕೆ ಕಾಗದ ಬೇಕು. ಇಲ್ದಿದ್ರೆ ಇದು ಬರೀ ಎದೆ."

ಚಿಪ್ಪಣ್ಣನಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಕಾಲು ಗಂಟೆ ಹಿಡಿಯಿತು.

ಕಂಪನಿ, "ಅವನು ಗುತ್ತಿಗೆದಾರನ ಆಳು," ಎಂದಿತು. ಗುತ್ತಿಗೆದಾರ, "ಅಂಥವನನ್ನು ನಾನು ನೋಡಿಲ್ಲ," ಎಂದ. ಜೊತೆಗೆ ದುಡಿದವರ ಸಾಕ್ಷಿ ನಡೆಯುವುದಿಲ್ಲ, ಅವರಿಗೂ ಅದೇ ರೋಗ, ಅದೇ ಅರ್ಜಿ. ವಿಜ್ಞಾನದ ಮೇಡಂ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರವರ ಜಾತಕ, ಪತ್ರ, ಪ್ರಮಾಣಪತ್ರಗಳನ್ನೆಲ್ಲ ದಿನಕ್ಕೆ ಸಾವಿರ ಹಾಳೆ ತೆಗೆಯುವವಳ ಹತ್ತಿರ ಅಪ್ಪನ ಹೆಸರಿನ ಒಂದು ಚೀಟಿಯೂ ಇರಲಿಲ್ಲ.

ಕಾರ್ಮಿಕ ಇಲಾಖೆಯ ಅಧಿಕಾರಿ ಒಬ್ಬ ಹೆಂಗಸು. ಕೆಟ್ಟವರಲ್ಲ. ವಿಚಾರಣೆಯ ದಿನ ಚಿಪ್ಪಣ್ಣ ಉಳಿದಿದ್ದ ಆ ಒಂದೇ ಚಿಪ್ಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದ. ಕಂಪನಿಯ ವಕೀಲ ಅದನ್ನು ಎರಡು ಬೆರಳಲ್ಲಿ ಎತ್ತಿದ.

"ಇದು ನಮ್ಮ ಕ್ವಾರಿಯದಾ?"

ಒಂದು ಹೂಂ ಸಾಕಿತ್ತು. ಮಗಳು ಮೊಣಕೈಯಿಂದ ತಿವಿದಳು.

"ಗೊತ್ತಿಲ್ಲ ಸಾರ್," ಎಂದ ಅವನು. "ಆವಾಗ ನನಗೆ ಬರೆದಿಡೋ ಬುದ್ಧಿ ಇರಲಿಲ್ಲ. ಮೂರು ಕ್ವಾರಿ ಕಲ್ಲು ಅಲ್ಲಿಗೆ ಬರ್ತಿತ್ತು."

"ಧೂಳು ಬಾಯಿಂದ ಊದ್ತಿದ್ರಂತೆ?"

"ಹೌದು."

"ಕಂಪನಿ ಊದೋಕೆ ಹೇಳಿತ್ತಾ?"

"ಇಲ್ಲ."

"ನೋಡಿ ಮೇಡಂ, ರೋಗ ಇವರ ಹವ್ಯಾಸದ್ದು."

ಇಪ್ಪತ್ತಮೂರು ವರ್ಷದ ಉಳಿಪೆಟ್ಟಿನ ಧೂಳು ಒಂದು ಕಡೆ, ಒಂದು ಎಲೆ ನೋಡಲು ಊದಿದ ಉಸಿರು ಇನ್ನೊಂದು ಕಡೆ. ವಕೀಲನ ತಕ್ಕಡಿಯಲ್ಲಿ ಉಸಿರೇ ಭಾರವಾಯಿತು. ಅಲ್ಲಿ ಮಗಳು ಎದ್ದು ನಿಂತಳು.

"ಮೇಡಂ, ಮ್ಯೂಸಿಯಂ ಗೋಡೆಲಿರೋ ಕಲ್ಲು ನಮ್ಮಪ್ಪನವು. ಒಂದೊಂದರ ಬೆನ್ನಲ್ಲೂ ತಾರೀಕು, ಹೆಸರು ಇದೆ. ಫಲಕದಲ್ಲಿ ಇದು ತಮ್ಮ ಕ್ವಾರಿಯದು ಅಂತ ಕಂಪನಿಯವರೇ ಬರೆಸಿದಾರೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಈಗ ಬರೆದ ಕಾಗದವನ್ನು ಯಾರೂ ನಂಬುವುದಿಲ್ಲ. ಹನ್ನೆರಡು ವರ್ಷದಿಂದ ಯಾರ ಕೈಯೂ ತಾಗದೆ ಗೋಡೆಯೊಳಗೆ ಇರುವ ಬರಹವನ್ನು ಯಾರು ಅಲ್ಲಗಳೆಯುತ್ತಾರೆ? "ಮ್ಯೂಸಿಯಂ ಗೋಡೆ ಕೀಳಿಸೋ ಅಧಿಕಾರ ನನಗಿಲ್ಲ. ಒಂದೇ ಒಂದು ಕಲ್ಲಿನ ಬೆನ್ನು ತೋರಿಸಿ," ಎಂದರು. "ಅವತ್ತೇ ಆದೇಶ ಬರೀತೀನಿ. ಅದರಲ್ಲಿ ಯಾರ್ಯಾರ ಹೆಸರಿದೆಯೋ ಅಷ್ಟೂ ಜನಕ್ಕೆ."

ಅಪ್ಪ ಮಗಳು ಮ್ಯೂಸಿಯಂಗೆ ಹೋದರು. ಟಿಕೆಟ್ ಕೊಂಡೇ ಒಳಗೆ ಹೋದರು. ಅಲ್ಲಿಯ ಮುಖ್ಯಸ್ಥ ಬೆಣ್ಣೆಯಂಥ ಮಾತಿನವನು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಇವು ಕೋಟ್ಯಂತರ ವರ್ಷದ್ದು ನೋಡಿ. ತೆಗೆಯೋವಾಗ ಒಡೆದ್ರೆ? ಒಡೆಯದೆ ತೆಗೆಯೋಕಾಗೋದಾದ್ರೆ ಹೇಳಿ, ನೋಡೋಣ." ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ.

ಚಿಪ್ಪಣ್ಣ ಗೋಡೆಯ ಮುಂದೆ ನಿಂತು ಬೆರಳ ಗೆಣ್ಣಿನಿಂದ ತಟ್ಟಿದ. ಗಟ್ಟಿ. ಇನ್ನೊಂದು. ಗಟ್ಟಿ. ಸಾಲು ಸಾಲು ತಟ್ಟುತ್ತ ಹೋದ. ಎಡಮೂಲೆಯ ಹತ್ತಿರ ಬಂದಾಗ ಕೈ ಜೇಬಿಗೆ ಹೋಯಿತು.

"ಬರಲ್ಲ ಮಗಾ. ನಾನೇ ಕೂರಿಸಿದ್ದು. ತೆಗೆದ್ರೆ ಪುಡಿಯಾಗುತ್ತೆ."

ಹಾಗೆ ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ. ಸಾಯುತ್ತಿದ್ದ ಮನುಷ್ಯ ತನ್ನ ಗಾರೆಯ ಗಟ್ಟಿತನಕ್ಕೆ ಹೆಮ್ಮೆಪಡುತ್ತಿದ್ದ. ನಗಬೇಡಿ. ನಿಮ್ಮ ಮನೆಯ ನೆಲ ಇಷ್ಟು ವರ್ಷ ಬಿರಿಯದೆ ನಿಂತಿರುವುದು ಅಂಥ ಹೆಮ್ಮೆಯಿಂದಲೇ.

ಏಳು ತಿಂಗಳು ಅವನು ಆ ಮೂಲೆಯ ಮಾತು ಎತ್ತಲಿಲ್ಲ. ಏಳು ತಿಂಗಳಲ್ಲಿ ಅದೇ ಕ್ವಾರಿಯ ಮೂವರು ತೀರಿಕೊಂಡರು. ಆಮೇಲೊಂದು ಮಧ್ಯಾಹ್ನ ಷಡ್ಡಕ ನೋಡಲು ಬಂದ. ಹತ್ತು ಹೆಜ್ಜೆ ನಡೆದು ಬಂದದ್ದಕ್ಕೇ ಅವನ ತುಟಿ ನೀಲಿಯಾಗಿತ್ತು. ಹೊಸ್ತಿಲಲ್ಲೇ ಕುಸಿದು ಕೂತ. ಚಿಪ್ಪಣ್ಣ ಆ ತುಟಿಯನ್ನು ನೋಡಿದ. ಆಮೇಲೆ ಮಗಳನ್ನು ಕರೆದ.

"ಒಂದು ಕಲ್ಲು ಬರುತ್ತೆ."

"ಯಾವುದಪ್ಪಾ?"

"ಕೆಳಗಿನ ಸಾಲು. ಎಡಮೂಲೆ. ಅದು... ಸಿಮೆಂಟಲ್ಲ. ಮಣ್ಣು." ತಲೆ ಎತ್ತಲಿಲ್ಲ. "ಅಂಚನ್ನ ಗೀರಿದ್ರೆ ಸಾಕು, ಕೈಯಲ್ಲೇ ಬರುತ್ತೆ."

ಷಡ್ಡಕ ಬಾಯಿ ಬಿಟ್ಟು ನೋಡಿದ. "ಅಯ್ಯೋ ಪಾಪಿ! ನಾನು ಚಹಾಕ್ಕೆ ಹೋದಾಗ್ಲಾ? ಭೂಮಿ ನಡುಗಿದ್ರೂ ಅಲ್ಲಾಡಲ್ಲ ಅಂದೋನು ನೀನೇ ತಾನೆ?" ಇಬ್ಬರೂ ನಕ್ಕರು. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಳಗಿದ್ದ ಹೆಂಡತಿ ಮಾತ್ರ ನಗಲಿಲ್ಲ. "ಏಳು ತಿಂಗಳು," ಎಂದಳು. "ಮಾನಕ್ಕೆ ಹೆದರಿ ಪ್ರಾಣ ಬಿಡ್ತಿದ್ರಾ?"

ಆ ಕಲ್ಲಿನ ಬೆನ್ನಲ್ಲಿ ಏನಿದೆ ಎಂಬುದನ್ನು ಅವನು ಬಾಯಿಪಾಠದಂತೆ ಹೇಳಿದ. ಮೂರನೆಯ ಮೆಟ್ಟಿಲು, ಮೇಲಿಂದ ಐದು ಮೊಳ, ತಾರೀಕು, ಐವರ ಹೆಸರು. ಎರಡನೆಯದು ಷಡ್ಡಕನದು. ಮಗಳು ಬರೆದುಕೊಂಡು, ಅರ್ಜಿ ಮಾಡಿ, ಮ್ಯೂಸಿಯಂಗೆ ಓಡಿದಳು. ಒಡೆಯದೆ ತೆಗೆಯಬಹುದು ಎಂದಳು. ಮುಖ್ಯಸ್ಥ ಅರ್ಜಿಯನ್ನು ಎರಡು ಸಲ ಓದಿದ. "ಸಮಿತಿ ಮುಂದೆ ಇಡ್ತೀನಿ. ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತೆ." ಆ ಸಮಿತಿಯಲ್ಲಿ ಐದು ಕುರ್ಚಿಗಳಿವೆ. ಒಂದರಲ್ಲಿ ಕೂರುವವರು ಕ್ವಾರಿ ಕಂಪನಿಯ ಮ್ಯಾನೇಜರು. ಗೋಡೆ ಕೊಟ್ಟವರಿಗೆ ಕುರ್ಚಿ ಕೊಡದೆ ಇರಲಾಗುತ್ತದೆಯೇ?

ಮೂರು ತಿಂಗಳಿಗೆ ಸಮಿತಿ ಸೇರಿತು, ಕೋರಂ ಸಾಲಲಿಲ್ಲ ಎಂದು ಎದ್ದಿತು.

ಅದಾಗಿ ಹನ್ನೊಂದು ದಿನಕ್ಕೆ ಚಿಪ್ಪಣ್ಣ ಹೋದ. ಬೆಳಗಿನ ಹೊತ್ತು, ಗೋಡೆಗೆ ಬೆನ್ನು ಕೊಟ್ಟು ಕೂತಲ್ಲೇ. ಮಲಗಿದರೆ ಉಸಿರು ಬರುತ್ತಿರಲಿಲ್ಲ, ಅದಕ್ಕೆ ತಿಂಗಳಿಂದ ಕೂತೇ ನಿದ್ದೆ ಮಾಡುತ್ತಿದ್ದ. ಕರವಸ್ತ್ರದ ಚಿಪ್ಪು ಕಿಟಕಿಯ ಮೇಲಿತ್ತು. ಅರ್ಜಿದಾರ ಮೃತನಾದ್ದರಿಂದ ಅವನ ಫೈಲು ಮುಚ್ಚಿತು. ಗೋಡೆಯೊಳಗೆ ಹೆಸರಿರುವವರಲ್ಲಿ ಇನ್ನೂ ಒಂಬತ್ತು ಜನ ಉಸಿರಾಡುತ್ತಿದ್ದಾರೆ, ಅದನ್ನು ಉಸಿರಾಟ ಎನ್ನುವುದಾದರೆ. ಅಧಿಕಾರಿ ತಮ್ಮ ಮಾತಿಗೆ ಈಗಲೂ ಬದ್ಧರಾಗಿದ್ದಾರೆ: ಒಂದು ಕಲ್ಲಿನ ಬೆನ್ನು ತೋರಿಸಿ. ಷಡ್ಡಕ ಅರ್ಜಿ ಹಾಕಿದ್ದಾನೆ. ಸಮಿತಿಯ ಮುಂದಿನ ದಿನಾಂಕ ಗೊತ್ತಾಗಿಲ್ಲ.

ಆ ಗೋಡೆಯನ್ನು ನೀವು ನೋಡಿದ್ದೀರಿ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆದಿದ್ದೀರಿ. ಬಾಗಿಲ ಹತ್ತಿರದ ಸಂದರ್ಶಕರ ಪುಸ್ತಕದಲ್ಲಿ "ತುಂಬ ಚೆನ್ನಾಗಿದೆ" ಎಂದು ಬರೆದು ಬಂದಿದ್ದೀರಿ. ಇನ್ನೊಮ್ಮೆ ಹೋಗಿ. ಈ ವಾರವೇ ಹೋಗಿ. ಕೆಳಗಿನ ಸಾಲು, ಎಡಮೂಲೆ, ಬಾಚಣಿಗೆಯಂಥ ಎಲೆ. ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿ. ಉಳಿದವೆಲ್ಲ ಗಟ್ಟಿ ಸದ್ದು ಕೊಡುತ್ತವೆ, ಅದೊಂದು ಟೊಳ್ಳು ಸದ್ದು ಕೊಡುತ್ತದೆ. ಆ ಸದ್ದು ಕೇಳಿದ ಮೇಲೆ ಸುಮ್ಮನೆ ಮನೆಗೆ ಬರಬೇಡಿ. ಅದೇ ಪುಸ್ತಕ ತೆಗೆದು, "ಈ ಕಲ್ಲನ್ನು ತೆಗೆದು ಅದರ ಬೆನ್ನು ತೋರಿಸಿ" ಎಂದು ಬರೆಯಿರಿ. ಕೆಳಗೆ ತಾರೀಕು ಹಾಕಿ, ನಿಮ್ಮ ಹೆಸರು ಹಾಕಿ.